ಕಂಬಳಿಯ ತೇಪೆ

ಸತ್ತಿಲ್ಲವಲ್ಲ ಅವನು, ಎಂದು ಮೋನಮ್ಮ ಬೆಳಗಿನಿಂದ ಅದೆಷ್ಟನೆಯ ಸಲವೋ ಅಂದುಕೊಂಡಳು. ಹಾಗೆ ಅಂದುಕೊಂಡಾಗ ತನಗೆ ಆಗುತ್ತಿರುವುದು ಸಮಾಧಾನವೋ ಸಂಕಟವೋ ತಿಳಿಯದೆ ಗುಡಿಸಲಿನೊಳಗಿನ ಕುರಿಮರಿಗಳ ಗೂಡಿನ ಹುಲ್ಲನ್ನು ಮತ್ತೊಮ್ಮೆ ಅಂಗೈಯಿಂದ ಒತ್ತಿದಳು. ಹುಲ್ಲಿನಡಿ ತೋಳು ಇತ್ತು. ವಿಮಾನ ಇಳಿಯುವ ಮೈದಾನದ ಕಂಬಕ್ಕೆ ಕಟ್ಟುವ, ಗಾಳಿ ತುಂಬಿಕೊಂಡು ಗಾಳಿ ಯಾವ ಕಡೆಯದು, ಎಷ್ಟು ಜೋರಿನದು ಎಂದು ಮೇಲಿದ್ದವರಿಗೆ ತೋರಿಸುವ ಕೆಂಪು ಬಿಳಿ ಪಟ್ಟೆಯ ಉದ್ದ ಬಟ್ಟೆಚೀಲ. ಸಾಹೇಬರು ಅದನ್ನು ಇಂಗ್ಲಿಷಿನಲ್ಲಿ ಏನೋ ಅನ್ನುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಮೋನಮ್ಮ ಅದನ್ನು ನೋಡಿ, ಇದ್ಯಾವ ರಾಕ್ಷಸಿಯ ಕುಪ್ಪಸದ ತೋಳಪ್ಪ ಎಂದು ನಕ್ಕಿದ್ದಳು; ಮೂರು ವರ್ಷದಲ್ಲಿ ಮೆಕ್ಯಾನಿಕ್ ಲಿಂಗರಾಜನ ಬಾಯಲ್ಲೂ ಅದು ತೋಳೇ ಆಗಿಬಿಟ್ಟಿತ್ತು. ಬೆಳಿಗ್ಗೆ ಗೇಟು ತೆಗೆಯುವುದು, ಓಡುದಾರಿಯ ಮೇಲಿನ ಕಲ್ಲು ಕಡ್ಡಿ ಗುಡಿಸುವುದು, ತೋಳು ಏರಿಸುವುದು, ಸಂಜೆಗೆ ಇಳಿಸುವುದು: ಇಷ್ಟು ಅವಳ ಕೆಲಸ. ನಿನ್ನೆ ಮಾತ್ರ ಅವಳು ಅದನ್ನು ಮಧ್ಯಾಹ್ನವೇ ಇಳಿಸಿದ್ದಳು. ಎಲ್ಲರೂ ಬಿದ್ದ ವಿಮಾನದ ಸುತ್ತ ನೆರೆದು ಗಾಯಗೊಂಡವರನ್ನು ಗಾಡಿಗೆ ಹಾಕುತ್ತಿದ್ದಾಗ, ಆ ಗದ್ದಲದಲ್ಲಿ, ಹಗ್ಗ ಬಿಚ್ಚಿ, ತೋಳನ್ನು ಸೀರೆಯೊಳಗೆ ಸುತ್ತಿಕೊಂಡು ಬಂದಿದ್ದಳು. ಯಾಕೆ ತಂದೆ ಎಂದು ಅವಳಿಗೇ ಈಗ ಹೇಳಲು ಬರುತ್ತಿರಲಿಲ್ಲ.

ಮೈದಾನದ ಬೇಲಿಗೆ ಅಂಟಿದ ಆ ಗುಡಿಸಲಿನಲ್ಲೇ ಅವಳ ಗಂಡ ಕಾಶಪ್ಪ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಆರು ತಿಂಗಳಿನಿಂದ ಅವನು ಕುಳಿತದ್ದೇ ಹಾಗೆ. ರೊಟ್ಟಿ ಕೊಟ್ಟರೆ ತಿಂದ, ಇಲ್ಲದಿದ್ದರೆ ಇಲ್ಲ. ಹಿಂಡನ್ನು ಈಗ ಮೈದುನ ಭೀಮೇಶ ಕಾಯುತ್ತಿದ್ದ. ಹೊರಗೆ ಆಷಾಢದ ಗಾಳಿ ತಗಡನ್ನು ಬಡಿಯುತ್ತಿತ್ತು. ಕೊಹೀರಿನ ಈ ಕೆಂಪು ನೆಲಕ್ಕೆ ಆಷಾಢ ಬಂತೆಂದರೆ ಪಡುವಣ ಗಾಳಿಗೆ ಹಗಲು ಹೊತ್ತು ಕಡಿವಾಣವೇ ಇಲ್ಲ. ಹನ್ನೊಂದಕ್ಕೆ ಎದ್ದರೆ ಸೂರ್ಯ ಇಳಿಯುವ ತನಕ ಮೈಮೇಲಿನ ಸೀರೆ ಮೈಮೇಲೆ ನಿಲ್ಲುವುದಿಲ್ಲ. ಓಡುದಾರಿಯೋ ತೆಂಕು ಬಡಗಾಗಿ ಮಲಗಿದೆ. ಗಾಳಿ ಅಡ್ಡ ಬಡಿಯುತ್ತದೆ. ಇದು ಕುರಿಗಳಿಗೂ ಗೊತ್ತು. ನಿನ್ನೆ ಬೇಲಿಯಾಚೆ ಭೀಮೇಶನ ಕುರಿಗಳು ಒಂದಕ್ಕೊಂದು ಅಂಟಿಕೊಂಡು, ಎಲ್ಲವೂ ಪಡುವಣಕ್ಕೆ ಬೆನ್ನು ಕೊಟ್ಟು, ಮೂತಿ ನೆಲಕ್ಕಿಟ್ಟು ನಿಂತಿದ್ದವು. ಮೇಲಿದ್ದವನು ಒಂದೇ ಒಂದು ಸಲ ಕುರಿಗಳ ಕಡೆ ನೋಡಿದ್ದರೆ ಸಾಕಿತ್ತು. ಆದರೆ ಅಂವ ಯಾಕೆ ಕುರಿಗಳನ್ನು ನೋಡುತ್ತಾನೆ? ಅಂವ ನೋಡಿದ್ದು ಕಂಬದ ಮೇಲಿನ ತೋಳನ್ನು. ತೋಳು ಊಟ ಮಾಡಿ ಮಲಗಿದವರ ಕೈಯಂತೆ ಅರ್ಧ ಇಳಿಬಿದ್ದಿತ್ತು. ಗಾಳಿ ಅಷ್ಟೇನಿಲ್ಲ ಎಂದು ಹೇಳುತ್ತಿತ್ತು.

ಮೊದಲು ಎಡ ರೆಕ್ಕೆ ಕುಸಿಯಿತು, ಬಲ ರೆಕ್ಕೆ ಎದ್ದಿತು. ಮೋನಮ್ಮ ಹಗ್ಗದ ಹತ್ತಿರವೇ ನಿಂತಿದ್ದಳು. ಆ ಕ್ಷಣ ಅವಳ ಬಾಯಿಂದ ಬಂದ ಮಾತು, ಬೀಳು. ಕೂಗಲಿಲ್ಲ, ಮೆಲ್ಲಗೆ, ಮರಿ ಹಾಕುವ ಕುರಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು: ಬೀಳು, ಮಂದಿ ಮುಂದ ಬೀಳು. ಒಂದು ಗಾಲಿ ನೆಲಕ್ಕೆ ತಾಗಿ ಕಿರ್ ಎಂದಿತು. ವಿಮಾನ ದಾರಿಯ ಮೇಲೆ ಓಡುವುದು ಬಿಟ್ಟು ಓರೆಯಾಗಿ, ಕುಂಟುತ್ತ, ಹುಲ್ಲಿಗೆ ನುಗ್ಗಿತು. ರೆಕ್ಕೆಯ ತುದಿ ನೆಲ ಗೀರಿತು. ಮೂತಿ ನೀರಗಾಲುವೆಯ ತಗ್ಗಿಗೆ ಹೋಗಿ ಕಚ್ಚಿಕೊಂಡಿತು. ಧೂಳು ಗಾಳಿಯ ಜೊತೆ ಒಂದೇ ಗುಕ್ಕಿಗೆ ಬೇಲಿ ದಾಟಿ ಹೋಯಿತು. ಹಾ! ಎಂಥ ತಣ್ಣನೆಯ ಸುಖ ಅದು. ಎದೆಯೊಳಗೆ ಆರು ತಿಂಗಳಿಂದ ಕುದಿಯುತ್ತಿದ್ದುದರ ಮೇಲೆ ಯಾರೋ ಒಂದು ಚೆಂಬು ಬಾವಿನೀರು ಸುರಿದಂತಾಯಿತು. ಎಲ್ಲರಿಗಿಂತ ಮೊದಲು ಓಡಿ ತಲುಪಿದವಳು ಅವಳೇ. ವಿಮಾನ ಕಲಿಸುವ ಕ್ಯಾಪ್ಟನ್ ಅಮರನಾಥ ಬಾಯಿ ತೆರೆದುಕೊಂಡು, ಕಣ್ಣು ತೆರೆದುಕೊಂಡು, ಹಿಡಿಕೆಯನ್ನು ಹಿಡಿದೇ ಇದ್ದ. ಎರಡೂ ಕೈಯ ಬೆರಳು ಕಚ್ಚಿಕೊಂಡಿದ್ದವು. ಒಂದೊಂದೇ ಬೆರಳನ್ನು ಅವಳು ಬಿಡಿಸಬೇಕಾಯಿತು. ಬಿಡಿಸುತ್ತಿರುವಾಗ ಪಕ್ಕದ ಸೀಟಿನಲ್ಲಿ ಇನ್ನೊಂದು ತಲೆ ಇದೆ ಎಂದು ಕಂಡಿತು. ಎರಡು ಜಡೆ. ಎದೆಗೆ ಅವುಚಿಕೊಂಡ ನೋಟ್‌ಬುಕ್ಕು. ನೋಟ್‌ಬುಕ್ಕಿನ ಮೇಲೆಲ್ಲ ರಕ್ತ. ಮಾಧುರಿ.

ಯಾಕೆ ಹತ್ತಿದೆಯೇ ತಾಯಿ, ದಿನಾ ಈ ಹೊತ್ತಿಗೆ ಅಂವ ಒಬ್ಬನೇ ಹೋಗುತ್ತಿದ್ದನಲ್ಲ. ಮಾಧುರಿ ತಾಂಡೂರಿನ ಹುಡುಗಿ, ಅವಳಪ್ಪನದು ಅಲ್ಲಿ ಬಂಡೆಗೆ ಪಾಲಿಶ್ ಮಾಡುವ ಕಾರ್ಖಾನೆ. ಇಲ್ಲಿ ವಿಮಾನ ಕಲಿಯಲು ಬಂದ ಹನ್ನೆರಡು ಮಂದಿಯಲ್ಲಿ ಮೋನಮ್ಮನನ್ನು ಅಮ್ಮಾ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ. ಮಾಘದಲ್ಲಿ ಅದು ನಡೆದ ದಿನ ನೆಲದ ಮೇಲೆ ಬಿದ್ದಿದ್ದ ಕಾಶಪ್ಪನ ಕೋಲನ್ನು ಎತ್ತಿ, ಧೂಳು ಒರೆಸಿ ಕೊಟ್ಟವಳೂ ಅವಳೇ. ಈಗ ಜಹೀರಾಬಾದಿನ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಕಟ್ಟಿಸಿಕೊಂಡು ಮಲಗಿದ್ದಾಳೆ. ಯೋಚಿಸಬಾರದು ಎಂದುಕೊಂಡಷ್ಟೂ ಆ ತಂತಿ ಮೋನಮ್ಮನ ಹಲ್ಲಿನ ಮೇಲೆಯೇ ಬಿಗಿಯುತ್ತಿತ್ತು.

ಮಾಘದಲ್ಲಿ ಜೋಳ ಕೊಯ್ದಾದ ಮೇಲೆ ಕಾಶಪ್ಪನ ಹಿಂಡು ನಾರಾಯಣಖೇಡದ ಕಡೆಯಿಂದ ಇಳಿದು, ಹೊಲದಿಂದ ಹೊಲಕ್ಕೆ ಗೊಬ್ಬರಕ್ಕಾಗಿ ಕುರಿ ತರುಬುತ್ತ ತಾಂಡೂರಿನ ತನಕ ಹೋಗುತ್ತಿತ್ತು. ಅವನಪ್ಪ ನಡೆದ ದಾರಿ, ಅಪ್ಪನ ಅಪ್ಪ ನಡೆದ ದಾರಿ. ಮೈದಾನ ಬಂದದ್ದು ಮೊನ್ನೆ. ಬೇಲಿ ಹಾಕಿದ್ದರೂ ಕೆಳಗಿನ ಗೇಟನ್ನು ಹಿಂಡಿಗೆ ತೆಗೆಯುತ್ತಿದ್ದರು. ಆ ದಿನ ತೆಗೆದವಳು ಮೋನಮ್ಮನೇ. ಕುರಿ ಅರ್ಧ ದಾಟಿರುವಾಗ ವಿಮಾನ ಇಳಿಯಲು ಬಂತು, ಇಳಿಯಲಾಗದೆ ಮತ್ತೆ ಏರಿತು, ಒಂದು ಸುತ್ತು ಹಾಕಿ ಬಂದು ಇಳಿಯಿತು. ಆದದ್ದು ಇಷ್ಟೇ. ಯಾರ ಕೂದಲೂ ಕೊಂಕಿರಲಿಲ್ಲ. ಆದರೆ ಅಮರನಾಥ ಇಳಿದು ಬಂದವನು ಕಲಿಯುವ ಹನ್ನೆರಡು ಮಂದಿಯನ್ನೂ ಸಾಲಾಗಿ ನಿಲ್ಲಿಸಿದ. ಇವನನ್ನು ನೋಡಿ ಕಲಿಯಿರಿ ಅಂದ. ಅರವತ್ತು ದಾಟಿದ ಕಾಶಪ್ಪನಿಗೆ, ಹೆಗಲ ಮೇಲೆ ಕಂಬಳಿ ಇದ್ದ ಹಾಗೆಯೇ, ಎರಡೂ ಕಿವಿ ಹಿಡಿದು ಬಸ್ಕಿ ಹೊಡೆ ಅಂದ. ಕಾಶಪ್ಪ ಹೊಡೆದ. ನಾಲ್ಕನೆಯದಕ್ಕೆ ಮೊಣಕಾಲು ಹಿಡಿಯಿತು. ಕಂಬಳಿ ಜಾರಿ ಕಾಲಡಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರೆ, ಕಿವಿ ಬಿಡಬೇಡ ಎಂದು ಹಿಂದಿಯಲ್ಲಿ ಕೂಗು. ಹತ್ತನೆಯದರ ಹೊತ್ತಿಗೆ ಅವನು ತನ್ನ ಕಂಬಳಿಯನ್ನು ತಾನೇ ತುಳಿಯುತ್ತಿದ್ದ. ಬೀರಪ್ಪ ದೇವರನ್ನು ಕೂಡಿಸುವ ಕಂಬಳಿ ಅದು. ಅದರ ಮೇಲೆ ಕಾಲಿಡಲಿಕ್ಕಿಲ್ಲ, ಅದಕ್ಕೆ ಕತ್ತರಿ ಹಾಕಲಿಕ್ಕಿಲ್ಲ. ಯಾರೋ ಫೋನಿನಲ್ಲಿ ಹಿಡಿದರು. ಯಾರೋ ನಕ್ಕರು. ಗೇಟಿನ ಹತ್ತಿರ ಬೀಗದ ಕೈ ಹಿಡಿದು ನಿಂತಿದ್ದ ಮೋನಮ್ಮ, ತೆಗೆದವಳು ನಾನ್ರಿ ಎಂದು ಹೇಳಬೇಕೆಂದು ಬಾಯಿ ತೆರೆದವಳು ಹೇಳಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಥೂ, ಇದೂ ಒಂದು ಬಾಯಿಯೇ ಎಂದು ಆಮೇಲೆ ಎಷ್ಟು ಸಲ ತನಗೆ ತಾನೇ ಉಗಿದುಕೊಂಡಳೋ. ಕಾಶಪ್ಪ ಅವತ್ತು ಮನೆಗೆ ಬಂದವನು ಕಂಬಳಿಯನ್ನು ಮೂಲೆಗೆ ಎಸೆದು, ಗೋಡೆಯ ಕಡೆ ತಿರುಗಿ ಕುಳಿತ.

ಆ ಮೂಲೆಯ ಕಂಬಳಿಗೇ ಅವಳು ನಿನ್ನೆ ಬೆಳಿಗ್ಗೆ ಉಣ್ಣೆ ಕತ್ತರಿ ಹಾಕಿದ್ದು. ತೋಳು ಹರಿದು ತಿಂಗಳಾಗಿತ್ತು; ಹೊಸದು ತರಿಸಿರಿ ಎಂದು ಲಿಂಗರಾಜ ಹೇಳಿ ಹೇಳಿ ಸಾಕಾಗಿದ್ದ. ನಿನ್ನೆ ಬಾಲದ ಕಡೆ ಒಂದು ಮೊಳದಷ್ಟು ಬಾಯಿ ಬಿಟ್ಟಾಗ ಅದನ್ನು ಎತ್ತಿಕೊಂಡು ಅಮರನಾಥನ ಮುಂದೆ ಹೋಗಿ ನಿಂತಳು. ಅವನು ಫೋನಿನಲ್ಲಿದ್ದ. ಅವಳ ಹತ್ತಿರ ಅವನು ಯಾವಾಗಲೂ ಹಿಂದಿಯಲ್ಲೇ ಕೂಗುವುದು, ಜಹೀರಾಬಾದಿನ ಓಣಿಯಲ್ಲಿ ಇದೇ ಕನ್ನಡ ಆಡಿ ಬೆಳೆದವನಾದರೂ. ಸೀ ಡಾಲ್, ಅಪ್ನಾ ಕಂಬಲ್ ಲಗಾಕೆ ಸೀ ಡಾಲ್, ಅಂದ. ನಿನ್ನ ಕಂಬಳಿ ಹಚ್ಚಿ ಹೊಲಿ. ಫೋನಿನ ಆಚೆ ಇದ್ದವರಿಗೂ ಅದನ್ನು ಹೇಳಿ ನಕ್ಕ. ನಗುತ್ತಲೇ ದಿನದ ತಪಾಸಣೆಯ ಬುಕ್ಕಿನಲ್ಲಿ, ಎಲ್ಲ ನೋಡಿದ್ದೇನೆ ಎಂದು ಸೈ ಮಾಡಿದ. ಆಯಿತು ಸಾಬ್ರ, ಎಂದಳು ಮೋನಮ್ಮ. ಒಂದಕ್ಕೆ ಎರಡು ಪದರ ಕಂಬಳಿ ಕತ್ತರಿಸಿ ಸುತ್ತ ಹೊಲಿದಳು. ನೇಯ್ದ ಉಣ್ಣೆ ಗಟ್ಟಿಯಾಗಲೆಂದು ಹುಣಸೆಬೀಜ ಅರೆದು ಕುದಿಸಿದ ಗಂಜಿ ಬಳಿಯುವುದು ಅವರ ಮನೆತನದ ರೂಢಿ; ತೇಪೆಗೂ ಬಳಿದಳು, ಎರಡು ಸಲ ಬಳಿದಳು. ಎರಡನೆಯ ಸಲ ಬಳಿಯುವಾಗ ಕೈ ಒಂದು ಗಳಿಗೆ ನಿಂತಿತು. ಆಗ ಅವಳಿಗೆ ಗೊತ್ತಾಗಿತ್ತು. ತಾನು ಏನು ಮಾಡುತ್ತಿದ್ದೇನೆ ಎಂದು ಪೂರಾ ಗೊತ್ತಾಗಿತ್ತು. ನಿಂತ ಕೈ ಮತ್ತೆ ಗಂಜಿಯೊಳಗೆ ಅದ್ದಿತು.

ಹೊರಗೆ ಗಾಡಿ ನಿಂತ ಸದ್ದಾಯಿತು. ಡ್ರೈವರ್ ಇಳಿಯಲಿಲ್ಲ. ಅಮರನಾಥ ಒಬ್ಬನೇ, ಬಲಗೈಗೆ ಪಟ್ಟಿ ಹಾಕಿ ಕೊರಳಿಗೆ ತೂಗು ಹಾಕಿಕೊಂಡು, ಎಡಗೈಯಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣ ಹಿಡಿದುಕೊಂಡು ಗುಡಿಸಲಿನ ಬಾಗಿಲಿಗೆ ಬಂದ. ಬಾಗಿಲು ಗಿಡ್ಡ, ತಲೆ ಬಗ್ಗಿಸಬೇಕಾಯಿತು. ಅಷ್ಟನ್ನೂ ಮೋನಮ್ಮ ನೋಡಿ ಇಟ್ಟುಕೊಂಡಳು.

“ಯವ್ವಾ,” ಅಂದ.

ಮೂರು ವರ್ಷದಲ್ಲಿ ಮೊದಲನೆಯ ಸಲ ಅವನ ಬಾಯಿಂದ ಕನ್ನಡ ಕೇಳಿದ್ದು. ಮೋನಮ್ಮ ಏಳಲಿಲ್ಲ. ಮರಿಗಳ ಗೂಡಿನ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತೇ ಇದ್ದಳು.

“ಯವ್ವಾ, ಆ ಹಳೇ ತೋಳು ನಿನ್ನ ಬಲ್ಲಿ ಅದಲ್ಲ?”

“ಯಾವ ತೋಳ್ರಿ?”

“ನೋಡು, ಹೆದರಬ್ಯಾಡ. ನಿನಗೇನ್ ಗೊತ್ತಿತ್ತು ಪಾಪ, ತಿಳೀಲಾರ್ದ ಕಂಬಳಿ ಹಚ್ಚಿದಿ. ನಾ ಯಾರ ಮುಂದನೂ ಅನ್ನಲ್ಲ. ಹನ್ನೊಂದಕ್ಕ ಹೈದ್ರಾಬಾದಿಂದ ಆಫೀಸರ್ ಬರ್ಲಾಕತ್ತಾರ. ಹೊಸಾದು ತಂದೀನಿ, ತಗೋ. ಇದನ್ನ ಕಂಬಕ್ಕ ಏರಸು. ಅದನ್ನ ಒಲಿಗಿ ಹಾಕು. ನಿನ್ನ ಹೆಸರ ಎಲ್ಲೂ ಬರಲ್ಲ.”

“ಮತ್ತ ಇಮಾನ ಹ್ಯಾಂಗ ಬಿತ್ತು ಅಂತ ಕೇಳಿದ್ರ?”

“ಹ್ಯಾಂಡಲ್ ಮಾಧುರಿ ಕೈಯಾಗಿತ್ತು. ಕಲಿಯೋ ಹುಡುಗಿ. ಗಾಳಿಗಿ ಹೆದರ್ಯಾಳ. ಅಷ್ಟ.”

“ಆಕಿ ಏನಂತಾಳ್ರಿ?”

“ಆಕಿ ಬಾಯಿ ತೆರೀಲಾಕ ಇನ್ನಾ ಆರು ವಾರ ಬೇಕು,” ಎಂದು ಹೇಳಿ ಅವನು ಗೋಡೆಯ ಕಡೆ ಕುಳಿತಿದ್ದ ಬೆನ್ನನ್ನು ಒಮ್ಮೆ ನೋಡಿ, ನೋಡದವನಂತೆ ಕಣ್ಣು ತಿರುಗಿಸಿದ.

ತಿಳೀಲಾರ್ದ. ಆ ಮಾತು ಮೋನಮ್ಮನ ಎದೆಯಲ್ಲಿ ಗುಂಡುಕಲ್ಲಿನಂತೆ ಕುಳಿತಿತು. ಹುಣಸೆಬೀಜದ ಗಂಜಿ ಎಷ್ಟು ಭಾರ ಎಂದು ತಿಳಿಯದವಳೇ ನಾನು? ಇವನು ಬಿದ್ದದ್ದು ನನ್ನ ಕೈಯಿಂದ ಎಂದು ಇವನಿಗೆ ಗೊತ್ತಾಗದೇ ಇದ್ದರೆ ಬಿದ್ದೂ ಏನು ಬಂತು? ಮುದುಕಿಯೊಬ್ಬಳ ದಡ್ಡತನಕ್ಕೆ ಸಿಕ್ಕಿ ಬಿದ್ದೆ ಎಂದು ಇನ್ನು ನಾಲ್ಕು ದಿನಕ್ಕೆ ನಗುತ್ತಾನೆ ಇವನು, ಫೋನಿನಲ್ಲಿ. ಆದರೂ ಒಳಗೆ ಒಂದು ಸಣ್ಣ ದನಿ, ಒಲೆಗೆ ಹಾಕು, ಸುಮ್ಮನಿರು, ಪಾರಾದೆ ಎನ್ನುತ್ತಿತ್ತು. ಮಾಘದಲ್ಲಿ ಗೇಟಿನ ಹತ್ತಿರ ಅವಳ ಬಾಯಿ ಕಟ್ಟಿದ ದನಿಯೇ ಅದು. ಅದನ್ನು ಅವಳು ಗುರುತು ಹಿಡಿದಳು.

“ಕಿವಿ ಹಿಡೀರಿ,” ಅಂದಳು.

“ಏನು?”

“ನಮ್ಮ ಮನಿಯವ್ರ ಮುಂದ. ಎರಡೂ ಕಿವಿ. ಹಿಡದ್ರ ತೋಳಿನ ಮಾತು.”

ಅಮರನಾಥನ ಮುಖಕ್ಕೆ ರಕ್ತ ನುಗ್ಗಿತು. ಅವನು ಹೊರಗೆ ನೋಡಿದ. ಡ್ರೈವರ್ ಕಿಟಕಿಯ ಗಾಜು ಏರಿಸಿಕೊಂಡು ಫೋನು ನೋಡುತ್ತಿದ್ದ. ಬೇರೆ ಯಾರೂ ಇರಲಿಲ್ಲ. ಪೊಟ್ಟಣ ಕೆಳಗಿಟ್ಟು, ಎಡಗೈ ಎತ್ತಿ, ಎಡ ಕಿವಿಯ ತುದಿ ಹಿಡಿದುಕೊಂಡ. ಸಣ್ಣಗೆ ನಕ್ಕ. “ಇನ್ನೊಂದು ಕೈ ಏಳಲ್ಲಲ್ಲ ಯವ್ವಾ.”

“ಅದನ್ನ ನಾ ಹಿಡೀತೀನಿ,” ಎಂದು ಮೋನಮ್ಮ ಎದ್ದಳು. ಮರಿಗಳ ಕಿವಿ ಸೀಳಿ ಗುರುತು ಹಾಕುವಾಗ ಹಿಡಿಯುವ ಹಿಡಿತ ಒಂದಿದೆ, ಹೆಬ್ಬೆರಳು ಒಳಗೆ, ಎರಡು ಬೆರಳು ಹೊರಗೆ. ಸೊಂಟದಲ್ಲಿ ಉಣ್ಣೆ ಕತ್ತರಿ ಇತ್ತು. ಅವನಿಗೂ ಅದು ಕಂಡಿತು. ಅವನ ನಗು ನಿಂತಿತು. ಕಿವಿ ಬೆಚ್ಚಗಿತ್ತು, ಮೆತ್ತಗಿತ್ತು, ಅವಳ ಬೆರಳಿನ ನಡುವೆ ಅದರೊಳಗಿನ ನಾಡಿ ಪುಟಪುಟ ಹೊಡೆದುಕೊಳ್ಳುತ್ತಿತ್ತು. ಇದಕ್ಕೇ ಅಲ್ಲವೇ ಆರು ತಿಂಗಳು ಕಾದದ್ದು? ಎಷ್ಟು ರಾತ್ರಿ ಈ ಕಿವಿಯನ್ನು ಕನಸಿನಲ್ಲಿ ಹಿಡಿದಿದ್ದಳು. ಈಗ ಹಿಡಿದರೆ ಏನೂ ಇಲ್ಲ. ಹಸಿವಾಗಿದ್ದಾಗ ಸಪ್ಪೆ ಅಂಬಲಿ ಕುಡಿದ ಹಾಗೆ, ಹೊಟ್ಟೆ ತುಂಬಿತು, ನಾಲಿಗೆಗೆ ಏನೂ ಹತ್ತಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಕಾಶಪ್ಪ ತಿರುಗಿರಲಿಲ್ಲ.

“ಆತಲ್ಲ?” ಅಂದ ಅಮರನಾಥ.

ಆಗ ಗೋಡೆಯ ಕಡೆಯಿಂದ ದನಿ ಬಂತು. ಎಷ್ಟೋ ದಿನ ಬಳಸದೆ ತುಕ್ಕು ಹಿಡಿದ ದನಿ. “ಅವತ್ತ ಹನ್ನೆರಡು ಮಂದಿ ಇದ್ರು.”

ಮೋನಮ್ಮನ ಬೆರಳು ತಾವಾಗಿ ಸಡಿಲಾದವು. ಹೌದಲ್ಲ. ಯಾರೂ ನೋಡದ ಗುಡಿಸಲಲ್ಲಿ ಯಾರಾದರೂ ಹಿಡಿದಾರು ಕಿವಿ.

“ಏನಂದ ಅಂವ?”

“ಏನಿಲ್ರಿ. ನೀವು ನಡೀರಿ ಸಾಬ್ರ. ಹನ್ನೊಂದಕ್ಕ ಕಂಬದ ಮ್ಯಾಲ ತೋಳು ಇರ್ತದ.”

ಅವನು ಕಿವಿ ಉಜ್ಜಿಕೊಳ್ಳುತ್ತ ಹೋದ. ಮೋನಮ್ಮ ಹೊಸ ತೋಳಿನ ಪೊಟ್ಟಣವನ್ನು ಬಿಚ್ಚದೆಯೇ ಮೂಲೆಯ ಕಂಬಳಿಯ ಮೇಲಿಟ್ಟಳು. ಹುಲ್ಲು ಸರಿಸಿ ಹಳೆಯದನ್ನು ಎಳೆದಳು. ತೇಪೆ ಒಣಗಿ ಚಪ್ಪಲಿಯ ಅಟ್ಟೆಯಂತಾಗಿತ್ತು. ಒಂದು ಮರಿ ಅದನ್ನು ಮೂಸಿ, ತನ್ನವರ ವಾಸನೆ ಹಿಡಿದು, ಬೆನ್ನು ಹತ್ತಿ ಬಾಗಿಲ ತನಕ ಬಂತು.

ಆಫೀಸರು ಇಬ್ಬರು. ಒಬ್ಬರು ವಯಸ್ಸಾದವರು, ಕನ್ನಡಕ, ಎದೆಗೆ ಒತ್ತಿಕೊಂಡ ಫೈಲು. ಇನ್ನೊಬ್ಬರು ಅಳತೆಯ ಟೇಪು ಹಿಡಿದ ಹೆಂಗಸು. ಅವರು ತಗ್ಗಿನಲ್ಲಿ ಮೂತಿ ಇಟ್ಟಿದ್ದ ವಿಮಾನವನ್ನು ನೋಡಿ, ಗಾಲಿಯ ಗೆರೆ ಅಳೆದು, ಕಂಬದ ಕಡೆ ನಡೆದು ಬರುತ್ತಿರುವಾಗ ಮೋನಮ್ಮ ಹಗ್ಗ ಎಳೆಯುತ್ತಿದ್ದಳು. ಗಾಳಿ ಎದ್ದಿತ್ತು. ಹಿರಿಯರ ಫೈಲಿನ ಹಾಳೆಗಳು ಪಟಪಟ ಹೊಡೆದುಕೊಂಡವು, ಒಂದು ಹಾಳೆ ಕಿತ್ತುಕೊಂಡು ಬೇಲಿಗೆ ಹೋಗಿ ಅಂಟಿತು. ತೋಳು ಮೇಲೇರಿತು, ಬಾಯಿ ಪಡುವಣಕ್ಕೆ ತಿರುಗಿತು, ಹೊಟ್ಟೆ ಉಬ್ಬಿತು, ಬಾಲ ಮಾತ್ರ ಕಪ್ಪು ತೇಪೆಯ ಭಾರಕ್ಕೆ ಜೋತು ಬಿದ್ದು ಅಲ್ಲಿಯೇ ಅಲುಗಾಡಿತು. ಹಿರಿಯರು ತೋಳನ್ನು ನೋಡಿದರು. ಹಾರಿಹೋದ ಹಾಳೆಯನ್ನು ನೋಡಿದರು. ಬೇಲಿಯಾಚೆ ಬೆನ್ನು ಕೊಟ್ಟು ನಿಂತಿದ್ದ ಕುರಿಗಳನ್ನು ನೋಡಿದರು. ಇದನ್ನು ಯಾರು ಹೊಲಿದದ್ದು ಎಂದು ತೆಲುಗಿನಲ್ಲಿ ಕೇಳಿದರು.

ಅಮರನಾಥನ ಬಾಯಿ ಅರ್ಧ ತೆರೆದೇ ಇತ್ತು. ಇಂಗ್ಲಿಷಿನಲ್ಲಿ ಏನೋ ಅಂದ. ಹುಚ್ಚಿ, ಏನೂ ತಿಳಿಯದವಳು ಎಂದೇ ಅಂದಿರಬೇಕು. ಮೋನಮ್ಮನಿಗೆ ತೆಲುಗು ಬರುತ್ತಿತ್ತು, ಆದರೆ ಈ ಮಾತು ತನ್ನ ಭಾಷೆಯಲ್ಲಿಯೇ ಹೊರಗೆ ಬರಬೇಕೆನಿಸಿತು. ಲಿಂಗರಾಜನ ಕಡೆ ತಿರುಗಿ, “ನೀ ಹೇಳಪ್ಪ ಅವ್ರಿಗಿ, ನಾ ಅಂದದ್ದು ಅಂದಂಗ,” ಅಂದಳು. “ಹೊಲದಾಕಿ ನಾನು. ಗೊತ್ತಿದ್ದೇ ಹೊಲದೀನಿ. ಭಾರ ಆಗಿ ಬಾಲ ಏಳಲ್ಲ ಅಂತ ಗೊತ್ತಿದ್ದೇ ಎರಡು ಸಲ ಗಂಜಿ ಬಳದೀನಿ.”

ಲಿಂಗರಾಜ ಆಫೀಸರ ಕಡೆ ತಿರುಗಿದ. ಆಮೇಲೆ ತೆಲುಗಿನಲ್ಲಿ ಹೇಳಿದ. ಒಂದೊಂದು ಮಾತೂ ಎರಡು ಸಲ ಆ ಗಾಳಿಯಲ್ಲಿ ನಿಂತಿತು.

“ಕಂಬಳಿ ಹಚ್ಚು ಅಂದವ್ರು ಇವ್ರು. ನೋಡಲಾರ್ದ, ನೋಡೀನಿ ಅಂತ ಬುಕ್ಕಿನಾಗ ಸೈ ಮಾಡಿದವ್ರು ಇವ್ರು. ಬಿದ್ದ ಮ್ಯಾಲ ಹ್ಯಾಂಡಲ್ಲಿನಿಂದ ಇವ್ರ ಬೊಟ್ಟು ಬಿಡಿಸಿದಾಕಿ ನಾನು. ಆ ಹುಡುಗಿ ಕೈಯಾಗ ಬರೇ ನೋಟ್‌ಬುಕ್ ಇತ್ತು. ಆಕಿ ಮ್ಯಾಲ ಯಾರರೆ ಹಾಕಿದ್ರ, ಆಕಿ ಬಾಯಿ ತೆರೀತನಕ ನಾ ಹೇಳ್ತೀನಿ.”

ಬುಕ್ ತನ್ನಿ, ಎಂದರು ಹಿರಿಯರು. ಅಮರನಾಥ ನೆಲ ನೋಡುತ್ತಿದ್ದ. ಅವನ ಎಡಗೈ ಎಲ್ಲಿಡಬೇಕೆಂದು ತಿಳಿಯದೆ ಮೇಲೆದ್ದು, ಬಲ ಕಿವಿಯನ್ನು, ಅವಳು ಹಿಡಿದಿದ್ದ ಆ ಕಿವಿಯನ್ನು, ಮೆಲ್ಲಗೆ ಮುಟ್ಟಿಕೊಂಡು ಅಲ್ಲಿಯೇ ಉಳಿಯಿತು. ಹೆಂಗಸು ಆಫೀಸರು ಮೋನಮ್ಮನ ಹತ್ತಿರ ಬಂದು, ಇದಕ್ಕೆ ನಿನ್ನ ಮೇಲೆ ಪೊಲೀಸ್ ಕೇಸಾಗುತ್ತದೆ, ಗೊತ್ತೇನಮ್ಮ ಎಂದು ಕೇಳಿದರು. ಗೊತ್ತದ್ರಿ, ಅಂದಳು. ಠಾಣೆಗೆ ಹೋಗುವ ದಾರಿಯಲ್ಲಿ ಆಸ್ಪತ್ರೆ ಇದೆ. ಒಂದು ಗಳಿಗೆ ನಿಲ್ಲಿಸಿರೆಂದು ಕೇಳಿಕೊಳ್ಳಬೇಕು. ಆ ಹುಡುಗಿಯ ಮುಂದೆ ಈ ಮಾತನ್ನು ಇನ್ನೊಮ್ಮೆ ಹೇಳಬೇಕು, ಅದು ಇದಕ್ಕಿಂತ ಕಷ್ಟ. ಹೆಂಗಸು ಪೆನ್ನು ತೆಗೆದು ಹೆಸರು ಕೇಳಿದರು.

ಮೋನಮ್ಮ ಸುತ್ತ ಕಣ್ಣು ಹಾಯಿಸಿದಳು. ಅವಳು ಅಮರನಾಥನನ್ನು ನೋಡುತ್ತಿದ್ದವರನ್ನು ಎಣಿಸುತ್ತಿದ್ದಳು. ಆಫೀಸರು ಇಬ್ಬರು. ಎರಡು ಗಾಡಿಯ ಇಬ್ಬರು ಡ್ರೈವರು. ಲಿಂಗರಾಜ. ಶೆಡ್ಡಿನ ನೆರಳಲ್ಲಿ ಕಲಿಯುವವರು ಐದು ಮಂದಿ. ಬೇಲಿಯಾಚೆ ಕೋಲೂರಿ ನಿಂತ ಭೀಮೇಶ. ಹನ್ನೊಂದಕ್ಕೆ ಎಣಿಕೆ ನಿಂತಿತು. ಅವಳು ಗುಡಿಸಲಿನ ಕಡೆ ತಿರುಗಿದಳು. ಗಿಡ್ಡ ಬಾಗಿಲಿನಿಂದ ತಲೆ ಬಗ್ಗಿಸಿ ಕಾಶಪ್ಪ ಹೊರಗೆ ಬಂದ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ, ಕತ್ತರಿ ಬಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡಿದ್ದ, ಗಾಳಿಗೆ ಎದೆ ಕೊಟ್ಟು ನೆಟ್ಟಗೆ ನಿಂತು ಅಮರನಾಥನನ್ನು ನೋಡಿದ.

“ಹನ್ನೆರಡು,” ಅಂದಳು ಮೋನಮ್ಮ. ಆಮೇಲೆ ಹೆಸರು ಹೇಳಿದಳು.